ಪೆನ್ನು ಹಿಡಿದ್ರೆ ಮನಸ್ಸು ಹಗುರ ಆಗ್ತದಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯ ಕೊನೆಯಲ್ಲಿ "ಕೈಯಲ್ಲಿ ಬರೆಯೋದು ಮನಸ್ಸಿಗೆ ಒಳ್ಳೇದು ಅಂತಾರಲ್ಲ, ಆ ಬಗ್ಗೆ ಏನಾದ್ರೂ ಕೇಳೋದಿದ್ರೆ ಕೇಳಿ" ಅಂತ ಒಂದು ಸಾಲು ಹಾಕಿದ್ದೆ. ಭಟ್ಕಳದಿಂದ ಹಿಡಿದು ಹಳಿಯಾಳದವರೆಗೂ ಪ್ರಶ್ನೆ ಬಂದಿದಾವೆ, ಬಹುಪಾಲು ವಾಟ್ಸಾಪಲ್ಲೇ, ಅದ್ರಲ್ಲೂ ಸುಮಾರು ಜನ ವಾಯ್ಸ್ ಮೆಸೇಜ್ ಕಳಿಸಿದಾರೆ, ಬರೆಯೋ ಬಗ್ಗೆ ಕೇಳೋಕೂ ಬರೆಯೋಕೆ ಆಲಸ್ಯ ನೋಡಿ! ಇನ್‌ಲ್ಯಾಂಡ್ ಲೆಟರಲ್ಲಿ ಬರೆದವರೂ ಇದಾರೆ, ಅವರಿಗೆ ದೊಡ್ಡ ನಮಸ್ಕಾರ. ಒಂದೇ ತರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೇನೆ, ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ರಾತ್ರಿ ದಿಂಬಿಗೆ ತಲೆ ಕೊಟ್ಟ ಕೂಡ್ಲೇ ನಾಳೆ ಕೆಲಸ ಎಲ್ಲಾ ಸಾಲಾಗಿ ಎದುರಿಗೆ ಬಂದು ನಿಲ್ತಾವೆ. ಕೊನೆಕೊಯ್ಲು ಶುರುವಾಗಿದೆ, ಅಡಿಕೆ ಸುಲಿಯೋಕೆ ಜನ ಇಲ್ಲ, ಮಗನ ಹಾಸ್ಟೆಲ್ ಫೀ, ಅತ್ತೆಯ ಬಿಪಿ ಮಾತ್ರೆ. ಹನ್ನೆರಡು ಹೊಡೆದ್ರೂ ಕಣ್ಣು ಮುಚ್ಚೋದಿಲ್ಲ. ಬೆಂಗಳೂರಲ್ಲಿರೋ ಮಗಳು "ಅಮ್ಮಾ ಜರ್ನಲ್ ಬರಿ" ಅಂತಾಳೆ. ಹಗಲಿಡೀ ದುಡಿದು ರಾತ್ರಿ ಮತ್ತೆ ಭಾವನೆ ಬರೀತಾ ಕೂರೋದಾ?
– ಗೃಹಿಣಿ, ಶಿರಸಿ ತಾಲೂಕು

ಉತ್ತರ: ಭಾವನೆ ಬೇಡ ಮಾರಾಯ್ರೆ, ಕೆಲಸ ಬರೀರಿ. ತಮಾಷೆಗೆ ಹೇಳ್ತಾ ಇಲ್ಲ. ಅಮೆರಿಕದ ಬೇಲರ್ ಯೂನಿವರ್ಸಿಟಿಯವರು 57 ಜನ ಹುಡುಗ ಹುಡುಗಿಯರನ್ನ ನಿದ್ದೆ ಲ್ಯಾಬಲ್ಲಿ ಮಲಗಿಸಿ, ತಲೆಗೆ ವೈರ್ ಹಚ್ಚಿ ನೋಡಿದಾರೆ, 2018ರಲ್ಲಿ ಪ್ರಕಟ ಆಗಿದ್ದು. ಮಲಗೋ ಮುಂಚೆ 5 ನಿಮಿಷ ಕೆಲವರು ಮುಂದೆ ಮಾಡಬೇಕಾದ ಕೆಲಸ ಬರೀಬೇಕು, ಉಳಿದವರು ಮಾಡಿ ಮುಗಿಸಿದ ಕೆಲಸ ಬರೀಬೇಕು. ಮುಂದಿನ ಕೆಲಸ ಬರೆದವರಿಗೆ ಸುಮಾರು 9 ನಿಮಿಷ ಬೇಗ ನಿದ್ದೆ ಹತ್ತಿತು. ನಾವೆಲ್ಲ ಉಲ್ಟಾ ಅಂದ್ಕೊಳ್ತೇವೆ ಅಲ್ದಾ, ಮುಗಿದ ಕೆಲಸ ನೆನೆಸಿಕೊಂಡ್ರೆ ಸಮಾಧಾನ, ಬಾಕಿ ನೆನೆಸಿಕೊಂಡ್ರೆ ಚಿಂತೆ ಅಂತ. 9 ನಿಮಿಷ ಎಂತ ಮಹಾ ಅಂತ ನಿಮಗೆ ಅನಿಸಬಹುದು, ಮತ್ತೆ ಅವರೆಲ್ಲ 18ರಿಂದ 30 ವರ್ಷದ ಆರೋಗ್ಯವಂತರು, ತೋಟದ ಮನೆ ನಡೆಸೋರು ಅಲ್ಲ, ಅದೂ ಹೌದು. ಆದ್ರೆ ಅಲ್ಲಿ ಕಂಡ ಇನ್ನೊಂದು ವಿಷಯ ನಿಮಗೆ ಬೇಕಾದ್ದು: ಪಟ್ಟಿ ಎಷ್ಟು ಬಿಡಿಬಿಡಿಯಾಗಿ ಇತ್ತೋ ಅಷ್ಟು ಬೇಗ ನಿದ್ದೆ ಬಂದಿದೆ.

ಅಂದ್ರೆ "ಅಡಿಕೆ ಕೆಲಸ" ಅಂತ ಬರೆದ್ರೆ ಅದು ಪಟ್ಟಿ ಅಲ್ಲ, ಅದೇ ಚಿಂತೆಗೆ ಇನ್ನೊಂದು ಹೆಸರು. "ಬೆಳಿಗ್ಗೆ 7ಕ್ಕೆ ಅಡಿಕೆ ಕೊನೆ ಕೊಯ್ಯೋ ಕೊನೆಗೌಡನಿಗೆ ಫೋನ್, ಬುಧವಾರ ಬರ್ತಾನಾ ಕೇಳೋದು, ಬರೋದಿಲ್ಲ ಅಂದ್ರೆ ಆಚೆಮನೆಯವರು ಯಾರನ್ನ ಕರೆಸಿದ್ರು ವಿಚಾರಿಸೋದು", "ಅತ್ತೆಯ ಮಾತ್ರೆ ಶುಕ್ರವಾರಕ್ಕೆ ಮುಗೀತದೆ, ಪೇಟೆಗೆ ಹೋದವರ ಹತ್ರ ಚೀಟಿ ಕಳಿಸೋದು", ಹೀಗೆ ಬರೀಬೇಕು. ಮುಗಿಯದ ಕೆಲಸವನ್ನ ಮರೆತುಬಿಟ್ರೆ ಅಂತ ತಲೆ ಅದನ್ನೇ ಎತ್ತಿ ಎತ್ತಿ ತೋರಿಸ್ತಾ ಇರ್ತದೆ, ಯಾವಾಗ ಹೇಗೆ ಮಾಡೋದು ಅಂತ ಒಮ್ಮೆ ತೀರ್ಮಾನ ಆದ್ರೆ ಕೆಲಸ ಮುಗಿಯದಿದ್ರೂ ಅದು ಸುಮ್ನಾಗ್ತದೆ. ಅಡುಗೆಮನೆ ಒರೆಸಿ ಆದಮೇಲೆ ಅಲ್ಲೇ ನಿಂತು ಬರೀರಿ, ಹಳೇ ಕ್ಯಾಲೆಂಡರ್ ಹಿಂಬದಿ ಸಾಕು, ಹಾಸಿಗೆಗೆ ಒಯ್ಯಬೇಡಿ. ಮೊಬೈಲಲ್ಲಿ ಬರೆಯೋಕೆ ಹೋದ್ರೆ ನಡುವೆ ಯಾರದೋ ಗೃಹಪ್ರವೇಶದ ಫೋಟೋ ಬರ್ತದೆ, ಅದಕ್ಕೊಂದು ನಮಸ್ಕಾರ ಹಾಕೋದು, ಅಲ್ಲಿಗೆ ಅರ್ಧ ಗಂಟೆ ಹೋಯ್ತು.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದ್ರೂ ಹೇಳ್ತೇನೆ. ನಿಮ್ಮ ಪತ್ರದಲ್ಲಿರೋ ಕೆಲಸ ಅಷ್ಟೂ ಒಬ್ಬರ ಕೆಲಸ ಅಲ್ಲ. ಪಟ್ಟಿ ಬರೆದ ಮೇಲೆ ಪ್ರತಿಯೊಂದರ ಎದುರು ಯಾರು ಮಾಡಬೇಕು ಅಂತ ಹೆಸರಿನ ಮೊದಲ ಅಕ್ಷರ ಹಾಕಿ, ಬೆಳಿಗ್ಗೆ ಚಾ ಕುಡಿಯೋ ಹೊತ್ತಿಗೆ ಯಜಮಾನರ ಎದುರು ಇಡಿ. ಬಾಯಲ್ಲಿ ಹೇಳಿದ್ರೆ ಅದು ಕಿರಿಕಿರಿ ಆಗ್ತದೆ, ಕಾಗದದಲ್ಲಿ ಇದ್ರೆ ಕೆಲಸ ಆಗ್ತದೆ, ಯಾಕೋ ಗಂಡಸರಿಗೆ ಹಾಗೆ! ವಾರಕ್ಕೆ ಮೂರು ರಾತ್ರಿಯೋ ಅದಕ್ಕಿಂತ ಹೆಚ್ಚೋ ನಿದ್ದೆ ಕೈಕೊಡ್ತಾ ಮೂರು ತಿಂಗಳು ದಾಟಿದ್ರೆ ಮಾತ್ರ ಪಟ್ಟಿ ನಂಬಿ ಕೂರಬೇಡಿ, ಡಾಕ್ಟರಿಗೆ ತೋರಿಸಿ, ಮುಟ್ಟು ನಿಲ್ಲೋ ವಯಸ್ಸಾಗಿದ್ರೆ ಅದನ್ನೂ ಹೇಳಿ, ರಾತ್ರಿ ಮೈ ಬಿಸಿಯಾಗಿ ಬೆವರಿ ಎಚ್ಚರ ಆಗೋದಕ್ಕೂ ಚಿಂತೆಗೂ ಎಷ್ಟೋ ಸಲ ಸಂಬಂಧವೇ ಇರೋದಿಲ್ಲ.

ಪ್ರಶ್ನೆ: ನಾನು ಮೊಬೈಲ್ ನೋಟ್ಸಲ್ಲಿ ದಿನಾ ಮನಸಿಗೆ ಬಂದದ್ದು ಟೈಪ್ ಮಾಡ್ತೇನೆ. ಫ್ರೆಂಡ್ ಹೇಳ್ತಾಳೆ ಪೇಪರಲ್ಲಿ ಬರೆದ್ರೆ ಮಾತ್ರ ಮೆದುಳಿಗೆ ಒಳ್ಳೇದು, ನಾರ್ವೇಲಿ ಪ್ರೂವ್ ಆಗಿದೆ ಅಂತ. ನಿಜವಾ?
– ಬಿ.ಕಾಂ ವಿದ್ಯಾರ್ಥಿನಿ, ಕಾರವಾರ

ಉತ್ತರ: ಅರ್ಧ ನಿಜ. ನಾರ್ವೆಯ ಟ್ರಾಂಡ್‌ಹೈಮ್ ಊರಲ್ಲಿ ಆಡ್ರಿ ವಾನ್ ಡರ್ ಮೀರ್ ಅನ್ನೋ ಪ್ರೊಫೆಸರ್ ಮತ್ತೆ ಅವರ ಜೊತೆಯವರು 36 ವಿದ್ಯಾರ್ಥಿಗಳ ತಲೆಗೆ 256 ಸೆನ್ಸರ್ ಇರೋ ಟೊಪ್ಪಿ ಹಾಕಿ, ಎದುರಿನ ತೆರೆಯಲ್ಲಿ ಬಂದ ಶಬ್ದವನ್ನ ಒಮ್ಮೆ ಡಿಜಿಟಲ್ ಪೆನ್ನಲ್ಲಿ ಬರೆಸಿ, ಒಮ್ಮೆ ಕೀಬೋರ್ಡಲ್ಲಿ ಒತ್ತಿಸಿ ನೋಡಿದ್ರು. 2024ರ ಜನವರಿಯಲ್ಲಿ ಬಂತು ಅದು. ಕೈಯಲ್ಲಿ ಬರೆಯುವಾಗ ಮೆದುಳಿನ ಬೇರೆ ಬೇರೆ ಭಾಗಗಳು ಒಂದಕ್ಕೊಂದು ಹೆಚ್ಚು ಕೂಡಿಕೊಂಡು ಕೆಲಸ ಮಾಡಿದ್ದು ಕಂಡಿತು, ಇಷ್ಟು ನಿಜ. ಆದ್ರೆ ಅಲ್ಲಿ ಟೈಪ್ ಮಾಡಿಸಿದ್ದು ಒಂದೇ ಬೆರಳಲ್ಲಿ, ನಿಮ್ಮ ಹಾಗೆ ಎರಡು ಹೆಬ್ಬೆರಳಲ್ಲಿ ಪಟಪಟ ಅಲ್ಲ. ಮತ್ತೆ ಅವರು ಹೇಳಿದ್ದು ಕಲಿಕೆ, ನೆನಪು ಇಂಥದ್ದರ ಬಗ್ಗೆ, ಬೇಜಾರು ಕಮ್ಮಿ ಆಯ್ತಾ ಅಂತ ಆ ಮಕ್ಕಳನ್ನ ಯಾರೂ ಕೇಳಲೇ ಇಲ್ಲ. ಹಾಗಾಗಿ "ಕೈಬರಹ ಖಿನ್ನತೆ ಓಡಿಸ್ತದೆ, ನಾರ್ವೇಲಿ ಸಾಬೀತು" ಅಂತ ಫಾರ್ವರ್ಡ್ ಬಂದ್ರೆ ಮುಂದೆ ತಳ್ಳಬೇಡಿ.

ಮನಸ್ಸಿನ ಭಾರದ ವಿಷಯಕ್ಕೇ ಬಂದ್ರೆ, ಕಷ್ಟದ ಅನುಭವ ಬರೆಯೋದರ ಬಗ್ಗೆ ನಡೆದ ಪ್ರಯೋಗಗಳಲ್ಲಿ ಟೈಪ್ ಮಾಡಿದವರಿಗೂ ಉಪಯೋಗ ಆಗಿದ್ದುಂಟು. ಹಾಗಂತ ಎರಡೂ ಒಂದೇ ಅಂತಲೂ ಅಲ್ಲ. 1999ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ ಕೈಯಲ್ಲಿ ಬರೆದವರು ಟೈಪ್ ಮಾಡಿದವರಿಗಿಂತ ಹೆಚ್ಚು ಮನಸ್ಸು ಬಿಚ್ಚಿದ್ರು, ಆ ಹೊತ್ತಿಗೆ ಹೆಚ್ಚು ಬೇಜಾರನ್ನೂ ಪಟ್ರು. ಕೌನ್ಸೆಲಿಂಗಿಗೆ ಬರೋರಲ್ಲಿ ನಾನು ಕಂಡದ್ದೂ ಇದೇ. ಕೈ ನಿಧಾನ. ಸಿಟ್ಟು ಮುಂದಿನ ಮಾತಿಗೆ ಓಡಿರ್ತದೆ, ಪೆನ್ನು ಇನ್ನೂ ಹಿಂದಿನ ಸಾಲಿನ ಒತ್ತಕ್ಷರ ಇಳಿಸ್ತಾ ಇರ್ತದೆ, ಆ ಅಂತರದಲ್ಲಿ "ಹೌದಾ, ಅವನು ನಿಜವಾಗ್ಲೂ ಹಾಗೇ ಹೇಳಿದ್ನಾ?" ಅನ್ನೋ ಅನುಮಾನ ಹುಟ್ಟೋಕೆ ಜಾಗ ಸಿಗ್ತದೆ. ಟೈಪ್ ಮಾಡುವಾಗ ಆ ಜಾಗ ಸಿಗೋದು ಕಮ್ಮಿ. ಮತ್ತೆ ಮೊಬೈಲಲ್ಲಿ ಅಳಿಸಿದ್ದು ಪೂರ್ತಿ ಅಳಿಸಿಹೋಗ್ತದೆ, ಕಾಗದದಲ್ಲಿ ಕಾಟು ಹಾಕಿದ್ರೂ ಕೆಳಗಿನ ಅಕ್ಷರ ಕಾಣ್ತದೆ. ಒಬ್ಬರು "ಆಸ್ತಿ ವಿಷಯದಲ್ಲಿ ನಂಗೆ ಸಿಟ್ಟಿರೋದು ಅತ್ತಿಗೆ ಮೇಲೆ" ಅಂತ ಬರೆದು, ಅತ್ತಿಗೆ ಅನ್ನೋದನ್ನ ಹೊಡೆದು, ಮೇಲೆ ಸಣ್ಣಕ್ಕೆ "ಅಣ್ಣ" ಅಂತ ಬರೆದಿದ್ರು. ಮೂರು ವಾರ ನಾವು ಮಾತಾಡಿದ್ದು ಆ ಒಂದು ಕಾಟಿನ ಬಗ್ಗೆ. ಮೊಬೈಲಲ್ಲಾಗಿದ್ರೆ ಅದು ಅವರಿಗೂ ಮರೆತುಹೋಗ್ತಿತ್ತು.

ನಿಮಗೆ ಮೊಬೈಲಲ್ಲೇ ಸರಿ ಹೋಗ್ತಾ ಇದ್ರೆ ಬಿಡೋದೇನೂ ಬೇಡ. ತಲೆ ತುಂಬಾ ಕೆಟ್ಟಿರೋ ದಿನ ಮಾತ್ರ ಒಂದು ಹಾಳೆ ತಗೊಂಡು ನೋಡಿ, ಫೋನ್ ಇನ್ನೊಂದು ಕೋಣೆಯಲ್ಲಿಟ್ಟು.

ಪ್ರಶ್ನೆ: ಗಂಡನಿಂದ ಬೇರೆಯಾಗಿ ಏಳೆಂಟು ತಿಂಗಳಾಯ್ತು, ತವರಲ್ಲಿದೇನೆ. ಬರೆದ್ರೆ ಹಗುರ ಆಗ್ತದೆ ಅಂತ ಎಲ್ಲರೂ ಹೇಳಿದ್ರು ಅಂತ ದಿನಾ ಬರೀತೇನೆ, ಎರಡು ನೋಟ್‌ಬುಕ್ ತುಂಬಿದೆ. ಯಾಕೆ ಹೀಗಾಯ್ತು, ನಾನು ಎಲ್ಲಿ ತಪ್ಪಿದೆ, ಅವನು ಯಾಕೆ ಹಾಗೆ ಮಾಡ್ದ, ಇದೇ. ಬರೆದು ಎದ್ದ ಮೇಲೆ ಇನ್ನೂ ಜಾಸ್ತಿ ಅಳು ಬರ್ತದೆ. ನಾನು ಬರೆಯೋ ರೀತಿಯೇ ಸರಿ ಇಲ್ವಾ?
– ಹೆಸರು ಬೇಡ, ಹೊನ್ನಾವರ ಕಡೆ

ಉತ್ತರ: ನಿಮ್ಮ ಪತ್ರಕ್ಕೆ ಸ್ವಲ್ಪ ಉದ್ದಕ್ಕೆ ಉತ್ತರ ಬರೀತೇನೆ, ಯಾಕಂದ್ರೆ ಬರೆಯೋದನ್ನ ಹೊಗಳುವವರು ಹೇಳದೇ ಬಿಡೋ ಭಾಗ ಇದೇ.

ಈ ಬರವಣಿಗೆ ಚಿಕಿತ್ಸೆ ಶುರುವಾಗಿದ್ದು ಜೇಮ್ಸ್ ಪೆನ್ನೆಬೇಕರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರಿಂದ. ಅವರು ಸಾಂಡ್ರಾ ಬೀಲ್ ಅನ್ನೋರ ಜೊತೆ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 46 ಕಾಲೇಜು ವಿದ್ಯಾರ್ಥಿಗಳು ದಿನಾ 15 ನಿಮಿಷ, ಸಾಲಾಗಿ 4 ದಿನ ಬರೆದ್ರು. ಕೆಲವರಿಗೆ ಸಪ್ಪೆ ವಿಷಯ, ಉಳಿದವರಿಗೆ ಜೀವನದ ದೊಡ್ಡ ಆಘಾತ. ನಡೆದದ್ದು ಮತ್ತೆ ಅನಿಸಿದ್ದು ಎರಡನ್ನೂ ಕೂಡಿಸಿ ಬರೆದವರು ಮುಂದಿನ ಆರು ತಿಂಗಳಲ್ಲಿ ಕಾಲೇಜಿನ ಆಸ್ಪತ್ರೆಗೆ ಹೋದದ್ದು ಕಮ್ಮಿ. ಎಲ್ಲರೂ ಹೇಳೋದು ಇಷ್ಟನ್ನೇ. ಬರೆದು ಮುಗಿಸಿದ ಕೂಡ್ಲೇ ಅವರ ಬಿಪಿ ಏರಿತ್ತು, ಮನಸ್ಸು ಇನ್ನೂ ಕೆಟ್ಟಿತ್ತು ಅನ್ನೋದೂ ಅದೇ ಪ್ರಯೋಗದಲ್ಲಿದೆ. ಮತ್ತೆ ಅದು ನಾಲ್ಕೇ ದಿನ, ಎರಡು ನೋಟ್‌ಬುಕ್ ಅಲ್ಲ. ಆಮೇಲೆ ನೂರಾರು ಜನ ಇದನ್ನ ಮಾಡಿ ನೋಡಿದಾರೆ, 2006ರಲ್ಲಿ 146 ಅಧ್ಯಯನಗಳನ್ನ ಒಟ್ಟಿಗೆ ಹಾಕಿ ಲೆಕ್ಕ ಮಾಡಿದಾಗ ಉಪಯೋಗ ಹೌದು, ಆದ್ರೆ ಸಣ್ಣದು ಅಂತ ಬಂತು.

ನಿಮ್ಮಂಥದ್ದೇ ಪರಿಸ್ಥಿತಿಯಲ್ಲಿ ಇದ್ದವರ ಮೇಲೂ ಒಂದು ಅಧ್ಯಯನ ಆಗಿದೆ. ಅರಿಜೋನಾದ ಡೇವಿಡ್ ಸ್ಬಾರಾ ಮತ್ತೆ ಸಂಗಡಿಗರು, 2013. ಗಂಡನಿಂದಲೋ ಹೆಂಡತಿಯಿಂದಲೋ ಹೊಸದಾಗಿ ಬೇರೆಯಾದ 90 ಜನ. ಕೆಲವರು ಮನಸಿನ ನೋವು ಬರೆದ್ರು, ಕೆಲವರು ಬರೀ ದಿನಚರಿ ಬರೆದ್ರು, ಎದ್ದೆ, ತಿಂದೆ, ಹೋದೆ, ಬಂದೆ ಅಂತ. ತಿಂಗಳುಗಳು ಕಳೆದ ಮೇಲೆ ನೋಡಿದ್ರೆ, "ಯಾಕೆ ಹೀಗಾಯ್ತು" ಅಂತ ಅರ್ಥ ಹುಡುಕ್ತಾ ಇದ್ದವರಿಗೆ ನೋವು ಬರೆಸಿದ್ದು ಉಪಯೋಗಕ್ಕೆ ಬರಲಿಲ್ಲ, ಅವರಲ್ಲಿ ಚೇತರಿಸಿಕೊಂಡವರು ಸಪ್ಪೆ ದಿನಚರಿ ಬರೆದವರು! ಗಾಣದ ಎತ್ತು ಎಷ್ಟು ನಡೆದ್ರೂ ಅಲ್ಲೇ ಇರ್ತದೆ, "ಯಾಕೆ" ಅಂತ ಶುರುವಾಗೋ ಪುಟಗಳೂ ಹಾಗೇ.

ಹಾಗಾಗಿ ನಿಮಗೆ ನನ್ನ ಸಲಹೆ, ಆ ಎರಡು ನೋಟ್‌ಬುಕ್ಕನ್ನ ಕಟ್ಟಿ ಅಟ್ಟಕ್ಕೆ ಹಾಕಿ, ಮತ್ತೆ ತೆಗೆದು ಓದಬೇಡಿ. ಮೂರನೇದರಲ್ಲಿ ಬರೀ ದಿನ ಬರೀರಿ. ಬೆಳಿಗ್ಗೆ ಎಷ್ಟೊತ್ತಿಗೆ ಎದ್ದೆ, ಪೇಟೆಯಲ್ಲಿ ಬಂಗಡೆ ಎಷ್ಟಿತ್ತು, ಬಸ್ಸಲ್ಲಿ ಪಕ್ಕ ಯಾರು ಕೂತಿದ್ರು, ಅಮ್ಮ ಎಂತ ಅಂದ್ರು. ಹತ್ತು ಸಾಲು, ಆಯ್ತು, ಮುಚ್ಚಿಡಿ. ಅವನ ವಿಷಯ ಬರೀಲೇಬೇಕು ಅನಿಸಿದ ದಿನ ಮೊಬೈಲಲ್ಲಿ 15 ನಿಮಿಷಕ್ಕೆ ಅಲಾರಾಂ ಇಟ್ಟು, "ನಾನು" ಅಂತ ಬರೆಯದೇ "ಅವಳು" ಅಂತ ಬರೀರಿ, ಬೇರೆ ಯಾರದೋ ಕತೆ ಹೇಳಿದ ಹಾಗೆ. ಮಿಶಿಗನ್ ಯೂನಿವರ್ಸಿಟಿಯ ಈಥನ್ ಕ್ರಾಸ್ ಅನ್ನೋರು ಈ ದೂರ ನಿಂತು ನೋಡೋ ವಿಧಾನದ ಮೇಲೆ ಬಹಳ ಕೆಲಸ ಮಾಡಿದಾರೆ, ನೋವಿನ ಬಿಸಿ ತಾಗದೇ ವಿಷಯ ನೋಡೋಕೆ ಆಗ್ತದೆ ಅಂತ ಅವರ ಮಾತು. ನನ್ನ ಹತ್ರ ಬಂದವರಲ್ಲಿ ಕೆಲವರಿಗೆ ಇದು ಹಿಡಿಸ್ತದೆ, ಕೆಲವರಿಗೆ ನಗು ಬರ್ತದೆ, ನಗು ಬಂದ್ರೂ ನಷ್ಟ ಇಲ್ಲ. ಏಳೆಂಟು ತಿಂಗಳ ಮೇಲೂ ದಿನಾ ಅಳು, ಊಟ ನಿದ್ದೆ ಬೇಡ, ಬದುಕು ಸಾಕು ಅನ್ನೋ ಹಂತ ಇದ್ರೆ ಮಾತ್ರ ನೋಟ್‌ಬುಕ್ ಬದಿಗಿಟ್ಟು ಇವತ್ತೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರಕಾರದ್ದು, 2022ರ ಅಕ್ಟೋಬರಿಂದ ಇದೆ, ದುಡ್ಡಿಲ್ಲ, ರಾತ್ರಿನೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಬರೆಯೋಕೆ ಆಸೆ ಇದೆ, ಆದ್ರೆ ನಮ್ಮನೇಲಿ ಬರೆದಿಟ್ಟದ್ದು ಯಾರ ಕೈಗಾದ್ರೂ ಸಿಕ್ಕೇ ಸಿಗ್ತದೆ. ಒಮ್ಮೆ ಅತ್ತೆ ನನ್ನ ಡೈರಿ ಓದಿ ಊರಿಗೆಲ್ಲ ಹಂಚಿದ್ರು.
– ಸಿದ್ದಾಪುರ

ಉತ್ತರ: ಬರೆದು ಬಚ್ಚಲೊಲೆಗೆ ಹಾಕಿ. ಇಡಬೇಕು ಅಂತ ಯಾರು ಹೇಳಿದ್ದು? ಬರೆಯುವಾಗ ಆಗೋ ಕೆಲಸ ಬರೆಯುವಾಗಲೇ ಆಗಿರ್ತದೆ. ಸಿಟ್ಟಿನ ವಿಷಯದಲ್ಲಂತೂ ಹರಿದು ಹಾಕೋದೇ ಒಳ್ಳೇದು. ಜಪಾನಿನ ನಗೋಯಾದಲ್ಲಿ ವಿದ್ಯಾರ್ಥಿಗಳ ಹತ್ರ ಪ್ರಬಂಧ ಬರೆಸಿ, ಬೇಕಂತಲೇ ಕೆಟ್ಟದಾಗಿ ಟೀಕೆ ಮಾಡಿ ಸಿಟ್ಟು ಬರಿಸಿ, ಅನಿಸಿದ್ದನ್ನ ಒಂದು ಕಾಗದದಲ್ಲಿ ಬರೀರಿ ಅಂದ್ರು. ಕಾಗದವನ್ನ ಕಸದ ಬುಟ್ಟಿಗೋ ಕತ್ತರಿಸೋ ಮಿಷನ್ನಿಗೋ ಹಾಕಿದವರ ಸಿಟ್ಟು ಹೆಚ್ಚುಕಮ್ಮಿ ಮೊದಲಿನ ಮಟ್ಟಕ್ಕೆ ಇಳೀತು, ಮೇಜಿನ ಮೇಲಿನ ಫೈಲಲ್ಲೋ ಡಬ್ಬಿಯಲ್ಲೋ ಇಟ್ಟುಕೊಂಡವರದ್ದು ಅಷ್ಟು ಇಳೀಲಿಲ್ಲ. 2024ರದ್ದು ಇದು. ಕತ್ತರಿಸೋ ಮಿಷನ್ನು ನಿಮ್ಮಲ್ಲಿ ಇರಲಿಕ್ಕಿಲ್ಲ, ಸ್ನಾನದ ಹಂಡೆ ಕೆಳಗೆ ಬೆಂಕಿ ದಿನಾ ಇರ್ತದಲ್ಲ. ಅತ್ತೆಗೆ ಬೆಚ್ಚಗೆ ನೀರೂ ಆಗ್ತದೆ.

ಪ್ರಶ್ನೆ: ನಮ್ಮದು ಗಂಗಾವಳಿ ದಂಡೆಯ ಊರು. ಶಿರೂರಲ್ಲಿ ಗುಡ್ಡ ಕುಸಿದ ಮೇಲೆ ಮಳೆ ಜೋರು ಹೊಡೆದ್ರೆ ಎದೆ ಡವಡವ, ರಾತ್ರಿ ಎದ್ದು ಕೂತುಬಿಡ್ತೇನೆ. ಹೆದ್ದಾರಿಯಲ್ಲಿ ಬಸ್ಸು ಆ ಜಾಗ ದಾಟುವಾಗ ಕಣ್ಣು ಮುಚ್ಕೊಳ್ತೇನೆ. ಆ ದಿನದ್ದೆಲ್ಲ ಬರೆದುಬಿಟ್ರೆ ಹೋಗ್ತದಾ?
– ಅಂಕೋಲಾ ತಾಲೂಕು

ಉತ್ತರ: ಒಬ್ಬರೇ ಕೂತು ಬರೀಬೇಡಿ, ಈಗಲೇ ಬೇಡ. 2024ರ ಜುಲೈ 16ರ ಆ ಬೆಳಿಗ್ಗೆ ಕಂಡವರು, ಸುದ್ದಿ ಕೇಳಿ ಓಡಿಹೋದವರು, ನದಿ ಆಚೆ ನಿಂತು ನೋಡಿದವರು ಇನ್ನೂ ಎಷ್ಟೋ ಜನ ಹೀಗೇ ಇದಾರೆ, ನೀವೊಬ್ಬರೇ ಅಲ್ಲ, ಇದು ಹೆದರುಪುಕ್ಕಲುತನವೂ ಅಲ್ಲ. ಆಗಿಹೋದದ್ದು ಮತ್ತೆ ಮತ್ತೆ ಕಣ್ಣೆದುರು ಬರೋದು, ಆ ಜಾಗ ತಪ್ಪಿಸೋದು, ಸಣ್ಣ ಸದ್ದಿಗೂ ಬೆಚ್ಚೋದು, ಇದು ಒಂದು ತಿಂಗಳಿಗಿಂತ ಹೆಚ್ಚು ಉಳಿದ್ರೆ ಚಿಕಿತ್ಸೆ ಬೇಕು, ಅದಕ್ಕೆ ಒಳ್ಳೇ ಚಿಕಿತ್ಸೆ ಇದೆ. ಆಘಾತವನ್ನ ಬರೆಸೋ ಪದ್ಧತಿಯೂ ಅದರಲ್ಲಿ ಉಂಟು, ಆದ್ರೆ ಬರೆದ ಮೇಲೆ ಎದ್ದು ಬರೋ ಭಯವನ್ನ ಹಿಡಿಯೋಕೆ ಎದುರಿಗೆ ಗೊತ್ತಿದ್ದವರು ಇರಬೇಕು. ಕಾರವಾರದ ಮೆಡಿಕಲ್ ಕಾಲೇಜ್ ಆಸ್ಪತ್ರೆಗೆ ಹೋಗಬಹುದು, ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇರ್ತದೆ, ಹೊರಡೋ ಮುಂಚೆ ಒಮ್ಮೆ ಫೋನ್ ಮಾಡಿ ಡಾಕ್ಟರು ಬರ್ತಾರಾ ಕೇಳಿಕೊಳ್ಳಿ.

ಅಲ್ಲಿವರೆಗೆ ಬರೆಯೋದಾದ್ರೆ ಒಂದೇ ಬರೀರಿ. ಮಳೆ ಜಾಸ್ತಿ ಆದ್ರೆ ನಾವು ಎಂತ ಮಾಡೋದು, ಯಾರ ಮನೆಗೆ ಹೋಗೋದು, ಕಾಗದಪತ್ರದ ಚೀಲ ಎಲ್ಲಿದೆ, ದನದ ಹಗ್ಗ ಯಾರು ಬಿಚ್ಚೋದು. ದೊಡ್ಡಕ್ಕೆ ಬರೆದು ಬಾಗಿಲ ಹಿಂದೆ ಅಂಟಿಸಿ. ನಿಮ್ಮೂರಲ್ಲಿ ಮಳೆಗೆ ಹೆದರೋದಕ್ಕೆ ಕಾರಣ ಇದೆ, ಅದನ್ನ ಬರೀ ಮನಸಿನ ಭ್ರಮೆ ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಡಿ.

ಪ್ರಶ್ನೆ: ಹೈಸ್ಕೂಲ್ ಟೀಚರ್ ನಾನು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪರೀಕ್ಷೆ ಭಯ ತುಂಬಾ. ದಿನಾ ಒಂದು ಪುಟ ಮನಸಿನ ಭಾವನೆ ಬರೆದು ತರಬೇಕು ಅಂತ ಹೋಂವರ್ಕ್ ಕೊಟ್ರೆ ಹೇಗೆ?
– ಯಲ್ಲಾಪುರ

ಉತ್ತರ: ದಯವಿಟ್ಟು ಬೇಡ ಟೀಚರ್! ಟೀಚರ್ ಓದ್ತಾರೆ ಅಂತ ಗೊತ್ತಿರೋ ಮಗು ಟೀಚರಿಗೆ ಬೇಕಾದ ಭಾವನೆ ಬರೀತದೆ, ಅದೂ ದುಂಡಗೆ. ಪರೀಕ್ಷೆಗೆ ಮುಂಚೆ 10 ನಿಮಿಷ ಭಯ ಬರೆಸಿದ್ರೆ ಮಾರ್ಕ್ಸ್ ಜಾಸ್ತಿ ಬರ್ತದೆ ಅಂತ 2011ರಲ್ಲಿ ಚಿಕಾಗೋದ ಒಂದು ಅಧ್ಯಯನ ದೊಡ್ಡ ಸುದ್ದಿ ಆಗಿತ್ತು, ನೀವೂ ಎಲ್ಲೋ ಓದಿರಬಹುದು, ಆದ್ರೆ 2018ರಲ್ಲಿ ಬೇರೆಯವರು ಹೆಚ್ಚು ಜನರನ್ನ ಇಟ್ಟುಕೊಂಡು ಅದನ್ನೇ ಮಾಡಿ ನೋಡಿದಾಗ ಆ ಫಲ ಬರಲಿಲ್ಲ. ಮಾರ್ಕ್ಸ್ ಆಸೆಗೆ ಮಾಡಬೇಡಿ ಅಂತ ಇದರರ್ಥ. ವಾರಕ್ಕೊಂದು ಸಲ ಹತ್ತು ನಿಮಿಷ ಬಿಡಿ, ಏನು ಬೇಕಾದ್ರೂ ಬರೀಲಿ, ಹರಿದು ಜೇಬಿಗೆ ಹಾಕಿಕೊಂಡು ಹೋಗಲಿ, ನೀವು ನೋಡಬೇಡಿ. ಮತ್ತೆ ತಪ್ಪು ಮಾಡಿದ್ದಕ್ಕೆ ಐವತ್ತು ಸಲ ನೂರು ಸಲ ಬರೆಸೋ ಶಿಕ್ಷೆ ನಿಮ್ಮ ಶಾಲೆಯಲ್ಲಿ ಇನ್ನೂ ಇದ್ರೆ ಅದನ್ನ ಮೊದಲು ನಿಲ್ಲಿಸಿ.

ಪ್ರಶ್ನೆ: ಅಪ್ಪಯ್ಯನಿಗೆ 68. ರಿಟೈರ್ ಆದ ಮೇಲೆ ದಿನಾ ಬೆಳಿಗ್ಗೆ ರಾಮನಾಮ ಬರೀತಾರೆ, ಕೋಟಿ ಮುಗಿಸ್ತೇನೆ ಅಂತ ಹಟ. ಬರೆದು ಎದ್ದ ಮೇಲೆ ಮುಖದಲ್ಲೇ ಒಂದು ಶಾಂತಿ. ಇದನ್ನೂ ಧ್ಯಾನ ಅನ್ನಬಹುದಾ? ಈಗೀಗ ಸ್ವಲ್ಪ ಮಂಕಾಗಿದಾರೆ, ಅಕ್ಷರವೂ ಸಣ್ಣ ಆಗ್ತಾ ಹೋಗ್ತಿದೆ, ಸಾಲಿನ ಕೊನೆಗೆ ಓದೋಕೇ ಆಗೋದಿಲ್ಲ. ವಯಸ್ಸಲ್ವಾ?
– ಕುಮಟಾ

ಉತ್ತರ: ಧ್ಯಾನದ ಮಾತಿಗೆ ಉತ್ತರ ಹೌದು. ಒಂದೇ ಹೆಸರು, ಒಂದೇ ಅಳತೆ, ಒಂದೇ ವೇಗ, ಉಸಿರು ತಾನೇ ಅದಕ್ಕೆ ಹೊಂದಿಕೊಳ್ತದೆ, ಲಿಖಿತ ಜಪ ಅಂತ ಹಿರಿಯರು ಇಟ್ಟದ್ದು ಸುಮ್ನೆ ಅಲ್ಲ. ಆದ್ರೆ ನನಗೆ ಗಾಬರಿ ಆಗಿದ್ದು ನಿಮ್ಮ ಪತ್ರದ ಕೊನೆ ಸಾಲು ಓದಿ. ಸಾಲು ಶುರುವಾಗುವಾಗ ಸರಿ ಇದ್ದ ಅಕ್ಷರ ಮುಂದೆ ಹೋದ ಹಾಗೆ ಕಿರಿದಾಗೋದು ಬರೀ ವಯಸ್ಸಿನಿಂದ ಅಂತ ಬಿಡುವ ವಿಷಯ ಅಲ್ಲ, ಪಾರ್ಕಿನ್ಸನ್ ಕಾಯಿಲೆಯಲ್ಲಿ ಹೀಗಾಗ್ತದೆ, ಎಷ್ಟೋ ಜನರಲ್ಲಿ ಕೈ ನಡುಗೋದಕ್ಕೂ ಮೊದಲೇ. ಹೋದ ವರ್ಷದ ರಾಮಕೋಟಿ ಪುಸ್ತಕ ತೆಗೆದು ಈ ವರ್ಷದ್ದರ ಪಕ್ಕ ಇಟ್ಟು ನೋಡಿ, ಮನೇಲೇ ಇಷ್ಟು ಒಳ್ಳೇ ದಾಖಲೆ ಯಾರ ಹತ್ರ ಇರ್ತದೆ ಹೇಳಿ. ನಡೆಯುವಾಗ ಒಂದು ಕೈ ಬೀಸೋದು ಕಮ್ಮಿ ಆಗಿದೆಯಾ, ಅಂಗಿ ಗುಂಡಿ ಹಾಕೋಕೆ ಹೊತ್ತು ಬೇಕಾ, ವಾಸನೆ ತಿಳಿಯೋದು ಕಮ್ಮಿಯಾ, ಸುಮ್ನೆ ಕೂತಾಗ ಬೆರಳು ನಡುಗ್ತದಾ, ಇದನ್ನೂ ಗಮನಿಸಿ. ಮಂಕಾಗಿದಾರೆ ಅಂದ್ರಲ್ಲ, ಈ ಕಾಯಿಲೆಯಲ್ಲಿ ಖಿನ್ನತೆಯೂ ಬಹಳ ಜನಕ್ಕೆ ಬರ್ತದೆ, ಅದು ದುಃಖದಿಂದ ಮಾತ್ರ ಅಲ್ಲ, ಮೆದುಳಿನ ರಸಾಯನದಲ್ಲೇ ಆಗೋ ಏರುಪೇರು. ಎರಡೂ ಪುಸ್ತಕ ಹಿಡ್ಕೊಂಡು ನರರೋಗ ತಜ್ಞರ ಹತ್ರ ಹೋಗಿ, ಮಣಿಪಾಲವೋ ಹುಬ್ಬಳ್ಳಿಯೋ ಯಾವುದು ಹತ್ತಿರವೋ ಅಲ್ಲಿಗೆ. ಬೇರೆ ಕಾರಣವೂ ಇರಬಹುದು, ಪರೀಕ್ಷೆ ಮಾಡಿದ್ರೆ ಗೊತ್ತಾಗ್ತದೆ. ಬರೆಯೋದು ನಿಲ್ಲಿಸೋದು ಬೇಡ, ಅಗಲ ಗೆರೆಯ ಪುಸ್ತಕ ಕೊಡಿ, ಗೆರೆಗೆ ಗೆರೆ ತಾಗಿಸಿ ದೊಡ್ಡಕ್ಕೆ ಬರೀರಿ ಅನ್ನಿ, ಅಂಥ ಗುರುತು ಎದುರಿಗಿದ್ರೆ ಅಕ್ಷರದ ಅಳತೆ ಎಷ್ಟೋ ಸುಧಾರಿಸ್ತದೆ.

ಪ್ರಶ್ನೆ: ಕಾರವಾರದಲ್ಲಿ ಅಂಗಡಿ ಇದೆ. ಮನೆ ಮಾತು ಕೊಂಕಣಿ, ಓದಿದ್ದು ಕನ್ನಡ, ಲೆಕ್ಕ ಬರೆಯೋದು ಇಂಗ್ಲಿಷಲ್ಲಿ. ಅಕ್ಷರ ಅಂತೂ ಕಾಗೆಕಾಲು ಗುಬ್ಬಿಕಾಲು. ಪುಟಗಟ್ಟಲೆ ಬರೆಯೋಕೆ ನಾನೇನು ಸಾಹಿತಿ ಅಲ್ಲ. ಯಾವ ಭಾಷೆಯಲ್ಲಿ ಬರೀಲಿ, ಎಷ್ಟು ಬರೀಲಿ, ಯಾವ ಪೆನ್ನು ತಗೊಳ್ಳಲಿ?

ಉತ್ತರ: ಹೆಂಡತಿ ಹತ್ರ ಯಾವ ಭಾಷೆಯಲ್ಲಿ ಜಗಳ ಆಡ್ತೀರೋ ಅದ್ರಲ್ಲಿ ಬರೀರಿ. ಕೊಂಕಣಿಯನ್ನ ಕನ್ನಡ ಲಿಪಿಯಲ್ಲಿ ಬರೀರಿ, ನಾಗರಿಯಲ್ಲಿ ಬರೀರಿ, ನಡುವೆ ಲೆಕ್ಕದ ಇಂಗ್ಲಿಷ್ ಬರಲಿ, ತಿದ್ದೋರು ಯಾರೂ ಇಲ್ಲ. ಅಕ್ಷರ ಕೆಟ್ಟದಾಗಿದ್ರೆ ಇನ್ನೂ ಒಳ್ಳೇದು, ಮೇಲೆ ಸಿದ್ದಾಪುರದವರು ಕೇಳಿದ ತೊಂದರೆ ನಿಮಗಿಲ್ಲ. ಎಷ್ಟು ಅಂದ್ರೆ ನಾಲ್ಕು ಸಾಲು. ನಿಮ್ಮ ಪಕ್ಕದ ಅಂಕೋಲೆಯ ದಿನಕರ ದೇಸಾಯಿಯವರು ನಾಲ್ಕೇ ಸಾಲಿನ ಚುಟುಕ ಬರೆದೂ ಬರೆದೂ ಹೆಸರಾದವರು, ನಮ್ಮ ಜಿಲ್ಲೆಯವರಿಗೆ ನಾಲ್ಕು ಸಾಲು ಕಮ್ಮಿ ಅಂತ ಅನಿಸಬಾರದು. ನಿಮ್ಮದು ಪ್ರಾಸ ಕೂಡಬೇಕಂತಿಲ್ಲ. ಅಂಗಡಿ ಬಾಗಿಲು ಹಾಕಿ, ಗಲ್ಲಾ ಲೆಕ್ಕ ಮುಗಿದ ಮೇಲೆ ಅದೇ ಕುರ್ಚಿಯಲ್ಲಿ ಬರೆದು ಎದ್ದುಬಿಡಿ, ಮನೆಗೆ ಹೋದ ಮೇಲೆ ಬರೀತೇನೆ ಅಂದ್ರೆ ಆಗೋದಿಲ್ಲ.

ಪೆನ್ನಿಗೆ ಜಾಸ್ತಿ ದುಡ್ಡು ಹಾಕಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಕಾಗದ ಮೆತ್ತಗಾಗಿ ಇಂಕ್ ಪೆನ್ನು, ಜೆಲ್ ಪೆನ್ನು ಎರಡೂ ಹರಡ್ತಾವೆ, ಸಾದಾ ಬಾಲ್ ಪೆನ್ನೇ ಸೈ, ಬೆರಳು ನೋವು ಬರ್ತದೆ ಅಂದ್ರೆ ಸ್ವಲ್ಪ ದಪ್ಪ ಹಿಡಿಕೆಯದ್ದು ನೋಡಿ. ಪೇಪರ್ ಮಿಲ್ಲು ದಾಂಡೇಲಿಯಲ್ಲೇ ಇರುವಾಗ ನಮ್ಮ ಜಿಲ್ಲೆಯವರು ಪುಸ್ತಕಕ್ಕೆ ಆನ್‌ಲೈನಲ್ಲಿ ಐನೂರು ಆರ್ನೂರು ಕೊಡೋದು ನೋಡಿದ್ರೆ ನನಗೆ ಹೊಟ್ಟೆ ಉರೀತದೆ, ಸ್ಟೇಷನರಿ ಅಂಗಡಿಯ ಲಾಂಗ್ ಬುಕ್ ಸಾಕು. ಪಿನ್ ಹೊಡೆದದ್ದು ಮಾತ್ರ ಬೇಡ, ಕಾರವಾರದ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ಪಿನ್ ತುಕ್ಕು ಹಿಡಿದು ನಡುವಿನ ಹಾಳೆ ಕೈಗೆ ಬರ್ತದೆ, ದಾರದಲ್ಲಿ ಹೊಲಿದದ್ದು ಕೇಳಿ ತಗೊಳ್ಳಿ.